ನಮ್ಮ ಬದಿಯ ಗ್ರೂಪುಗಳಲ್ಲಿ ಯಾರು ಬರೀತಾರೆ, ಯಾರು ಸುಮ್ನೆ ನೋಡ್ತಾರೆ, ಯಾಕೆ?

ಕುಮಟಾ ಮೊಬೈಲಂಗಡಿ

ನನ್ನದು ಉತ್ತರ ಕನ್ನಡ ಜಿಲ್ಲೆಯ ಕುಮಟೆಯಲ್ಲಿ ಸಣ್ಣ ಮೊಬೈಲ್ ಅಂಗಡಿ. ಮಾರಾಟಕ್ಕಿಂತ ರಿಪೇರಿಯೇ ಜಾಸ್ತಿ. ಫೋನ್ ಕೊಡುವಾಗ ಜನ ಅದರ ತೊಂದರೆ ಹೇಳುತ್ತಾರೆ. ಆ ತೊಂದರೆ ಕೇಳಿದರೆ ಸಾಕು, ಇವರು ಫೋನಿನಲ್ಲಿ ಏನು ಮಾಡುತ್ತಾರೆ ಅಂತ ಅರ್ಧ ಗೊತ್ತಾಗುತ್ತದೆ.

"ಸ್ಟೋರೇಜ್ ಫುಲ್ ಆಗಿದೆ, ಆದ್ರೆ ಏನೂ ತೆಗೀಬೇಡಿ" ಅಂತ ಬರುವವರ ಗ್ಯಾಲರಿ ತುಂಬಾ ಶುಭೋದಯದ ಹೂವು, ಗಣಪತಿ, ಕಾಫಿ ಕಪ್ಪು. "ವಾಟ್ಸಾಪಿನಲ್ಲಿ ನೀಲಿ ಟಿಕ್ ಬರದ ಹಾಗೆ ಮಾಡಿ" ಅನ್ನುವವರಿಗೆ ಎಲ್ಲವನ್ನೂ ಓದಬೇಕು, ಓದಿದ್ದು ಮಾತ್ರ ಯಾರಿಗೂ ಗೊತ್ತಾಗಬಾರದು. ಕಾಲೇಜು ಹುಡುಗರು ರೇಟು ಕೇಳುವ ಮೊದಲೇ ಕ್ಯಾಮೆರಾ ತೆರೆದು ಮುಖ ನೋಡಿಕೊಳ್ಳುತ್ತಾರೆ. ಹಳ್ಳಿಯಿಂದ ಬರುವ ಅಜ್ಜಿಯರಿಗೆ ಬೇಕಾದದ್ದು ಮೈಕಿನ ಗುರುತು ಒಂದೇ. ಅದನ್ನು ಒತ್ತಿ "ಯಕ್ಷಗಾನ" ಅಂತ ಜೋರಾಗಿ ಹೇಳುತ್ತಾರೆ. ಯೂಟ್ಯೂಬ್ ಪ್ರಸಂಗ ಹುಡುಕಿ ಕೊಡುತ್ತದೆ. ಉಳಿದ ಗುರುತುಗಳ ಗೊಡವೆಯೇ ಅವರಿಗಿಲ್ಲ.

ಮೊನ್ನೆ ಒಂದು ವಿಷಯ ಓದಿದೆ. 2017ರಲ್ಲಿ ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು ಫೇಸ್‌ಬುಕ್ ಬಳಸುವವರನ್ನು ನಾಲ್ಕು ಬಗೆ ಮಾಡಿದ್ದರಂತೆ. ನೆಂಟರು, ಗೆಳೆಯರ ಸಂಬಂಧ ಉಳಿಸಿಕೊಳ್ಳಲು ಬರುವವರು ಒಂದು ಬಗೆ. ತಮ್ಮ ಸುದ್ದಿ ಬಿಟ್ಟು ಊರ ಸುದ್ದಿ ಡಂಗುರ ಸಾರುವವರು ಇನ್ನೊಂದು. ಲೈಕು, ಕಮೆಂಟಿಗಾಗಿ ತಮ್ಮನ್ನೇ ತೋರಿಸಿಕೊಳ್ಳುವವರು ಮೂರನೆಯವರು, ಅವರಿಗೆ ಸೆಲ್ಫಿಗಳು ಅಂತಲೇ ಹೆಸರು. ಕೊನೆಯವರು ಏನೂ ಹಾಕದೆ ಬರೀ ನೋಡಿಕೊಂಡು ಹೋಗುವವರು.

ನಮ್ಮ ಜಿಲ್ಲೆಗೆ ಈ ನಾಲ್ಕು ಸಾಕಾಗುತ್ತದಾ? ನೀವು ಯಾವ ಬಗೆ, ಯಾಕೆ? ಊರಿನವರ ಹೆಸರು ಹಿಡಿದು ಜಗಳ ಮಾತ್ರ ಬೇಡ.

ಅಂಕೋಲೆ ಅಕ್ಕೋರು

ತಮ್ಮಾ, ನಿನ್ನ ಗಿರಾಕಿಗಳ ಗ್ಯಾಲರಿಯ ಹೂವುಗಳಲ್ಲಿ ನಾನು ಕಳಿಸಿದ್ದೂ ಕೆಲವು ಇರಬಹುದು. ನಗಬೇಡ.

ನಾನು ಶಾಲೆಯಲ್ಲಿ ಅಕ್ಕೋರು, ಅಂದರೆ ಟೀಚರ್, ಆಗಿದ್ದು ರಿಟೈರ್ ಆದವಳು. ಮಕ್ಕಳು ದೂರ ಇದ್ದಾರೆ. ಬೆಳಿಗ್ಗೆ ಚಾ ಕುಡಿದು ತಂಗಿಗೆ, ನಾದಿನಿಗೆ, ಜೊತೆಗೆ ಕೆಲಸ ಮಾಡಿದ ಅಕ್ಕೋರುಗಳಿಗೆ ಒಂದೊಂದು ಹೂವು ಕಳಿಸುತ್ತೇನೆ. ಅದರಲ್ಲಿ ಏನು ಬರೆದಿದೆ ಅಂತ ಅವರೂ ನೋಡುವುದಿಲ್ಲ, ನಾನೂ ನೋಡುವುದಿಲ್ಲ. ಅದು ಹಾಜರಿ. ನಾನು ಎದ್ದಿದ್ದೇನೆ, ಆರಾಮಾಗಿದ್ದೇನೆ ಅಂತ ಅಷ್ಟೇ. ಹೋದ ವರ್ಷ ಜ್ವರ ಬಂದು ಕಳಿಸದೆ ಇದ್ದಾಗ ಹತ್ತು ಗಂಟೆಯೊಳಗೆ ನಾದಿನಿಯ ಫೋನ್ ಬಂತು. ನನ್ನ ಮಗ ಫೋನ್ ಮಾಡಿದ್ದು ಸಂಜೆ.

"ಫಾರ್ವರ್ಡ್ ಅಮ್ಮಂದಿರು" ಅಂತ ಹುಡುಗರು ತಮಾಷೆ ಮಾಡುತ್ತಾರೆ. ಒಬ್ಬಳೇ ಇರುವ ಹೆಂಗಸು ದಿನಾ ಯಾರಿಗಾದರೂ ಫೋನ್ ಮಾಡಿ "ಬದುಕಿದ್ದೇನೆ" ಅಂತ ಹೇಳಲಿಕ್ಕೆ ಆಗುತ್ತದಾ? ನಾಲ್ಕು ಬಗೆಯಲ್ಲಿ ನಾನು ಮೊದಲನೆಯವಳು ಅಂತ ಇಟ್ಟುಕೋ.

ತೋಟದಮನೆ ಶಿರಸಿ

ನಾನು ಕೊನೆಯ ಬಗೆ. ಆದರೆ "ಬರೀ ನೋಡಿಕೊಂಡು ಹೋಗುವವರು" ಅಂದರೆ ಕೆಲಸ ಇಲ್ಲದವರು ಅಂತ ಕೇಳುತ್ತದೆ. ಅದಕ್ಕೆ ನನ್ನ ತಕರಾರಿದೆ.

ನನಗೆ ಬರುವ ಮೆಸೇಜುಗಳಲ್ಲಿ ಮುಖ್ಯವಾದದ್ದು ಅಡಿಕೆ ದರ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಕೋಕ ಹೀಗೆ ಅಡಿಕೆಯ ಎಲ್ಲಾ ಬಗೆಗೂ ಕ್ವಿಂಟಾಲಿಗೆ ಕಡಿಮೆ ಎಷ್ಟು, ಹೆಚ್ಚು ಎಷ್ಟು, ಸರಾಸರಿ ಎಷ್ಟು ಅಂತ. ಮೊದಲು ಇದಕ್ಕೆ ಸೊಸೈಟಿಗೆ ಹೋಗಬೇಕಿತ್ತು, ಇಲ್ಲಾ ಪೇಟೆಗೆ ಹೋದವರು ವಾಪಸ್ ಬರಬೇಕಿತ್ತು, ಇಲ್ಲಾ ಮರುದಿನದ ಪೇಪರ್ ನೋಡಬೇಕಿತ್ತು. ಈಗ ವ್ಯಾಪಾರ ಮುಗಿದ ಸ್ವಲ್ಪ ಹೊತ್ತಿಗೆ ತೋಟದಲ್ಲಿ ನಿಂತೇ ನೋಡುತ್ತೇನೆ. ಚಾಲಿ ಈ ವಾರ ಕೊಡಬೇಕಾ, ತಡೀಬೇಕಾ ಅಂತ ಅಲ್ಲೇ ತೀರ್ಮಾನ. ಮಳೆಗಾಲದಲ್ಲಿ ಕೊಳೆ ರೋಗ ಎಲ್ಲಿ ಶುರುವಾಯಿತು, ಮದ್ದು ಹೊಡೆಯಲು ಎರಡು ದಿನ ಬಿಸಿಲು ಸಿಗುತ್ತದಾ, ಎಲೆಚುಕ್ಕಿ ರೋಗ ಯಾವ ಊರಿಗೆ ಬಂತು, ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಯಾರ ತೋಟದಲ್ಲಿ ಇದ್ದಾನೆ, ಎಲ್ಲಾ ಅಲ್ಲೇ ತಿಳಿಯುತ್ತದೆ. ಇದರಲ್ಲಿ ನಾನು ಬರೆಯಬೇಕಾದ್ದು ಏನಿದೆ?

ಊರ ಗ್ರೂಪಿನಲ್ಲಿ ಬರೆಯದೆ ಇರುವ ಕಾರಣ ಬೇರೆ. ಅಲ್ಲಿ ಯಾವ ಮಾತೂ ಬರೀ ಮಾತಲ್ಲ. ರಸ್ತೆ ಹಾಳಾಗಿದೆ ಅಂತ ಬರೆದರೆ ಪಂಚಾಯ್ತಿ ಮೆಂಬರ್ ವಿರೋಧಿ. ಸೊಸೈಟಿ ಚುನಾವಣೆ ಹತ್ತಿರ ಬಂದಾಗ ಯಾರದೋ ಫೋಟೋಕ್ಕೆ ಕೈಮುಗಿದರೆ ಆ ಪ್ಯಾನಲ್‌ನವ. ಸತ್ತವರ ಸುದ್ದಿಗೆ "ಓಂ ಶಾಂತಿ" ಹಾಕದೆ ಇದ್ದರೂ ಲೆಕ್ಕ ಇಡುವವರು ಇದ್ದಾರೆ. ನಾಳೆ ಅವರ ಮನೆಯ ಊಟಕ್ಕೆ ಹೋಗಬೇಕು, ಬೆಟ್ಟದ ಸೊಪ್ಪಿನ ವಿಷಯಕ್ಕೆ ಅವರ ಜೊತೆಗೇ ಮಾತಾಡಬೇಕು. ಸುಮ್ಮನಿರುವುದು ಸೋಮಾರಿತನ ಅಲ್ಲ ಮಾರಾಯ್ರೆ, ಅದಕ್ಕೂ ಲೆಕ್ಕಾಚಾರ ಬೇಕು.

ಸಿದ್ದಾಪುರದವ ಬೆಂಗಳೂರು

ಹೆಗಡೇರೋ ಭಟ್ರೋ ಗೊತ್ತಿಲ್ಲ, ನೀವು ಒಬ್ಬರೇ ಅಲ್ಲ. ವೆಬ್‌ಸೈಟುಗಳ ಬಳಕೆಯನ್ನು ಅಭ್ಯಾಸ ಮಾಡುವ ಯಾಕೋಬ್ ನೀಲ್ಸನ್ 2006ರಲ್ಲೇ ಒಂದು ಲೆಕ್ಕ ಬರೆದಿದ್ದರು. ಇಂಥ ಜಾಗಗಳಲ್ಲಿ ಹೆಚ್ಚು ಕಡಿಮೆ 90 ಭಾಗ ಜನ ಓದುತ್ತಾರೆ ಅಷ್ಟೇ. 9 ಭಾಗ ಆಗೀಗ ಬರೆಯುತ್ತಾರೆ. ಉಳಿದ 1 ಭಾಗದವರೇ ಜಾಸ್ತಿ ಎಲ್ಲಾ ಬರೆಯುವುದು. ಇದು ಅಂದಾಜಿನ ನಿಯಮ, ಎಲ್ಲಾ ಕಡೆ ಹೀಗೇ ಇರಬೇಕು ಅಂತಿಲ್ಲ. ಆದರೆ ನಮ್ಮೂರ ಗ್ರೂಪು ನೋಡಿದರೆ ತುಂಬಾ ದೂರವೂ ಇಲ್ಲ. ಅಷ್ಟು ಜನರಲ್ಲಿ ಬರೆಯುವವರು ಯಾರು ಅಂತ ಕಣ್ಣುಮುಚ್ಚಿ ಹೇಳಬಹುದು.

ನನ್ನದು ಇನ್ನೊಂದು ಬಗೆ. ಊರು ಬಿಟ್ಟವರು. ಮಳೆಗಾಲ ಶುರುವಾದರೆ ನಾನು ಯೂಟ್ಯೂಬಿನಲ್ಲಿ ಹುಡುಕುವುದು ಮಳೆಯ ವಿಡಿಯೋ. ಅಡಿಕೆ ತೋಟ, ಹಂಚಿನ ಮಾಡು, ಮಳೆಯ ಸದ್ದು. ಮಾತು ಬೇಡ, ಹಿನ್ನೆಲೆ ಸಂಗೀತವಂತೂ ಬೇಡವೇ ಬೇಡ. ಯಕ್ಷಗಾನದ ಲೈವ್ ಇದ್ದರೆ ರಾತ್ರಿ ಎರಡು ಗಂಟೆಗೂ ಕಮೆಂಟಿನಲ್ಲಿ ಪುಣೆಯವರು, ದುಬೈಯವರು, ಅಮೆರಿಕದವರು ಸಿಗುತ್ತಾರೆ. "ಭಾಗವತರ ಮೈಕ್ ಸ್ವಲ್ಪ ಜೋರು ಮಾಡಿ" ಅಂತ ಅಲ್ಲಿಂದ ಹೇಳುತ್ತಾರೆ.

ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೇ. ನಮ್ಮ ಕೇರಿಯ ಸುಮಾರು ಮನೆಗಳು ಹಾಗೇ ಆಗಿವೆ. ಅಪ್ಪ ಸ್ಟೇಟಸ್ ಹಾಕಿದರೆ ತೋಟಕ್ಕೆ ಮಂಗ ಬಂದಿದ್ದು ಗೊತ್ತಾಗುತ್ತದೆ. ಅಮ್ಮ ಹಾಕಿದರೆ ಅಪ್ಪೆಮಿಡಿ ಉಪ್ಪಿಗೆ ಹಾಕಿದ್ದು ಗೊತ್ತಾಗುತ್ತದೆ. ಇಬ್ಬರೂ ಹಾಕದಿದ್ದರೆ ಕರೆಂಟ್ ಇಲ್ಲ ಅಂತ ಅರ್ಥ.

ಜೋಯಿಡಾ ಗುಡ್ಡ

ಕರೆಂಟ್ ಅಂದಿರಲ್ಲ. ಬಳಸುವವರ ಬಗೆ ಮಾಡುವ ಮೊದಲು ಟವರಿನ ಬಗೆ ಮಾಡಿ. ನಮ್ಮಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತದೆ. ಗುಡ್ಡದ ಮೇಲೆ ಒಂದು ಜಾಗದಲ್ಲಿ ಸಿಗ್ನಲ್ ಬರುತ್ತದೆ. ಕೊರೊನಾ ಕಾಲದಲ್ಲಿ ಮಕ್ಕಳು ಅಲ್ಲೇ ಕೊಡೆ ಹಿಡಿದು ಕೂತು ಕ್ಲಾಸು ಕೇಳಿದ್ದಾರೆ.

ಗುಡ್ಡ ಹತ್ತಿದರೆ ಎರಡು ದಿನದ ಮೆಸೇಜು ಒಟ್ಟಿಗೆ ಬೀಳುತ್ತದೆ. ಅಲ್ಲಿ ನಿಂತು ರೀಲ್ಸ್ ನೋಡುತ್ತಾ ಕೂರುವ ಮನಸ್ಸು ಯಾರಿಗೆ ಬರುತ್ತದೆ? ದುಡ್ಡು ಬಂತಾ, ಆಸ್ಪತ್ರೆಯಲ್ಲಿರುವವರು ಹೇಗಿದ್ದಾರೆ, ಯಾರಾದರೂ ತೀರಿಕೊಂಡರಾ, ಇಷ್ಟು ನೋಡಿ ಕೆಳಗೆ ಇಳಿಯುವುದು. ಟೈಪ್ ಮಾಡುವುದೂ ಕಡಿಮೆ, ವಾಯ್ಸ್ ಮೆಸೇಜೇ ಜಾಸ್ತಿ. ಮನೆಯಲ್ಲಿ ಕೊಂಕಣಿ ಅಥವಾ ಮರಾಠಿ ಆಡುವವರಿಗೆ, ಓದು ಬರೆಯಲು ಬಾರದವರಿಗೆ ಅದೇ ಅನುಕೂಲ. ಆ ಅಮೆರಿಕದ ನಾಲ್ಕು ಬಗೆಯಲ್ಲಿ ಇವರು ಎಲ್ಲಿ ಬರುತ್ತಾರೆ?

ಬೈತಖೋಲ್ ಬೋಟ್

ಕಾರವಾರದಿಂದ. ಬೋಟಿನ ಹುಡುಗರು ರೀಲ್ಸ್ ಮಾಡುತ್ತಾರೆ ಅಂತ ಬೈಯುವವರು ಜಾಸ್ತಿ, ಅದಕ್ಕೇ ಬರೆಯುತ್ತಿದ್ದೇನೆ.

ದಡ ಬಿಟ್ಟು ದೂರ ಹೋದ ಮೇಲೆ ನೆಟ್‌ವರ್ಕ್ ಸಿಗುವುದಿಲ್ಲ. ಬಲೆ ಎಳೆದದ್ದು, ಬಂಗಡೆ ರಾಶಿ ಬಿದ್ದದ್ದು, ಡಾಲ್ಫಿನ್ ಕಂಡದ್ದು ಎಲ್ಲಾ ಫೋನಿನಲ್ಲೇ ಇರುತ್ತದೆ. ಬಂದರಿಗೆ ಬಂದ ಮೇಲೆ ಹಾಕುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆ 61 ದಿನ ಬಲೆ ಹೆಣೆಯುವುದು, ಬೋಟು ರಿಪೇರಿ, ಉಳಿದ ಹೊತ್ತು ಫೋನು. ಹಳೆ ವಿಡಿಯೋಗಳೆಲ್ಲಾ ಹೊರಗೆ ಬರುವುದು ಆಗಲೇ. ಮಳೆಗಾಲದಲ್ಲಿ ಸಮುದ್ರದ ವಿಡಿಯೋ ನೋಡಿ "ನಿಷೇಧ ಇದ್ದರೂ ಹೋಗಿದ್ದಾರೆ" ಅಂತ ಕಮೆಂಟ್ ಹಾಕುವವರಿಗೆ ಇದು ಗೊತ್ತಿರುವುದಿಲ್ಲ.

ದುಡ್ಡಿಗಾಗಿ ಮಾಡುತ್ತಾರೆ ಅನ್ನುವುದೂ ಪೂರ್ತಿ ಸರಿಯಲ್ಲ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಸಬ್‌ಸ್ಕ್ರೈಬರ್ ಇರಬೇಕು. ಅದರ ಮೇಲೆ ಒಂದು ವರ್ಷದಲ್ಲಿ 4,000 ಗಂಟೆ ಜನ ನೋಡಿರಬೇಕು, ಇಲ್ಲಾ 90 ದಿನದಲ್ಲಿ ಶಾರ್ಟ್ಸ್ 1 ಕೋಟಿ ಸಲ ನೋಡಿರಬೇಕು. ನಮ್ಮ ಹುಡುಗರಲ್ಲಿ ಅಲ್ಲಿಗೆ ಮುಟ್ಟಿದವರನ್ನು ಬೆರಳಲ್ಲಿ ಎಣಿಸಬಹುದು. ಉಳಿದವರು ಯಾಕೆ ಮಾಡುತ್ತಾರೆ ಅಂದರೆ, ಈ ಕೆಲಸವನ್ನು ಯಾರೂ ನೋಡಿರುವುದಿಲ್ಲ. ಮೀನು ತಿನ್ನುವವರು ಮಾರ್ಕೆಟ್ಟಿನ ಬುಟ್ಟಿ ನೋಡಿರುತ್ತಾರೆ ಅಷ್ಟೇ. ರಾತ್ರಿ ಮೂರು ಗಂಟೆಗೆ ಬಲೆ ಎಳೆಯುವುದನ್ನು ಹೆಂಡತಿಯೂ ನೋಡಿರುವುದಿಲ್ಲ. ಅದನ್ನು ತೋರಿಸಬೇಕು ಅನಿಸುತ್ತದೆ. ಇದು ಸೆಲ್ಫಿ ಬಗೆ ಅಂತಾದರೆ ಹಾಗೇ ಅನ್ನಿ.

ಬೋಟಿನಲ್ಲಿ ಒಡಿಶಾ, ಜಾರ್ಖಂಡ್ ಕಡೆಯ ಹುಡುಗರೂ ಇರುತ್ತಾರೆ. ಬಂದರಿಗೆ ಬಂದ ಕೂಡಲೇ ಅವರಿಗೆ ವಿಡಿಯೋ ಕಾಲ್ ಮೊದಲು, ಊಟ ಆಮೇಲೆ. ಇನ್ನು ಮೀನು ಮಾರುವ ಅಕ್ಕಂದಿರು. ಒಳ್ಳೆ ಇಸವಾಣ ಮೀನು ಬಂದರೆ ಫೋಟೋ ತೆಗೆದು ಕಾಯಂ ಗಿರಾಕಿಗಳಿಗೆ ಕಳಿಸುತ್ತಾರೆ. ಹತ್ತು ನಿಮಿಷದಲ್ಲಿ ಅರ್ಧ ಬುಟ್ಟಿ ಖಾಲಿ. ಅವರಿಗೆ ಲೈಕ್ ಅಂದರೆ ಏನು ಅಂತ ಗೊತ್ತಿಲ್ಲ, ಬೇಕಾಗಿಯೂ ಇಲ್ಲ.

ಎರಡು ಖಾತೆಯವಳು

ಮೊಬೈಲ್ ಅಂಗಡಿ ಅಣ್ಣಾ, "ಒಂದೇ ಫೋನಿನಲ್ಲಿ ಎರಡು ಖಾತೆ ಹಾಕಿ ಕೊಡಿ" ಅಂತ ಬರುವ ಹುಡುಗಿಯರ ಬಗ್ಗೆ ನೀವು ಬರೆಯಲಿಲ್ಲ. ಮರ್ಯಾದೆಗೆ ಬಿಟ್ಟಿರಬೇಕು.

ನನಗೆ ಇನ್‌ಸ್ಟಾಗ್ರಾಮಿನಲ್ಲಿ ಎರಡಿದೆ. ಒಂದರಲ್ಲಿ ದಾಸವಾಳ, ರಂಗೋಲಿ, ಮಾರಿಕಾಂಬಾ ಜಾತ್ರೆಯ ಬಳೆ ಅಂಗಡಿ, ಅತ್ತೆ ಮಗಳ ಮದುವೆ. ಅಲ್ಲಿ ಇಡೀ ಕುಟುಂಬ ಇದೆ. ಇನ್ನೊಂದು ಬೀಗ ಹಾಕಿದ್ದು. ಅಲ್ಲಿ ನನ್ನ ಹಾಸ್ಟೆಲ್ ಗೆಳತಿಯರು ಮಾತ್ರ. ಅಲ್ಲೂ ಭಯಂಕರವಾದದ್ದು ಏನಿಲ್ಲ. ಕುಡ್ಲೆ ಬೀಚಿನಲ್ಲಿ ಕುಣಿದದ್ದು, ಪರೀಕ್ಷೆ ಹಾಳಾಗಿ ಅತ್ತದ್ದು, ಯಾವುದೋ ಸಿನಿಮಾ ಬೈದದ್ದು. ಆದರೆ ಅದೇ ಕುಣಿತ ಮೊದಲನೆಯದರಲ್ಲಿ ಹಾಕಿದರೆ ಸಂಜೆಯೊಳಗೆ ದೊಡ್ಡಮ್ಮ ಅಮ್ಮನಿಗೆ ಫೋನ್ ಮಾಡುತ್ತಾರೆ. ಈಗ ಹುಡುಗಿ ನೋಡಲು ಬರುವ ಮೊದಲೇ ಖಾತೆ ನೋಡುತ್ತಾರೆ, ಗೊತ್ತಲ್ವಾ? ಜಾತಕ ಆಮೇಲೆ.

ನನ್ನ ತಮ್ಮನಿಗೆ ಒಂದೇ ಖಾತೆ ಸಾಕು. ಅವನು ಬೀಚಿನಲ್ಲಿ ಕುಣಿದರೆ ಅದೇ ದೊಡ್ಡಮ್ಮ ಹೃದಯದ ಗುರುತು ಹಾಕುತ್ತಾರೆ. ಹಾಗಾದರೆ ಬಗೆ ಎರಡಾದದ್ದು ನನ್ನಿಂದಾನಾ, ನೋಡುವವರಿಂದಾನಾ?

ಅಂಕೋಲೆ ಅಕ್ಕೋರು

ತಂಗೀ, ನಾನೂ ಯಾರಿಗೋ ದೊಡ್ಡಮ್ಮ. ಫೋನ್ ಮಾಡುವುದಿಲ್ಲ, ಆದರೆ ನೋಡುತ್ತೇನೆ.

ಹೊನ್ನಾವರ ಮಾಸ್ತರು

ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳುತ್ತೇನೆ, ಅದಕ್ಕೆ ಸ್ವಲ್ಪ ಉದ್ದವಾಗಬಹುದು. ಸಹಿಸಿಕೊಳ್ಳಿ.

ಎರಡು ಖಾತೆಯವಳು ಹೇಳಿದ್ದನ್ನೇ ಎರ್ವಿಂಗ್ ಗಾಫ್‌ಮನ್ ಎನ್ನುವವರು 1959ರಲ್ಲಿ ಬರೆದಿದ್ದಾರೆ. ಆಗ ಇಂಟರ್ನೆಟ್ಟೇ ಇರಲಿಲ್ಲ. ಜನ ಎದುರಿಗಿರುವವರನ್ನು ನೋಡಿ ತಮ್ಮನ್ನು ತೋರಿಸಿಕೊಳ್ಳುವ ರೀತಿ ಬದಲಾಯಿಸುತ್ತಾರೆ, ವೇದಿಕೆಯ ಮುಂದೆ ಒಂದು, ಹಿಂದೆ ಒಂದು ಅಂತ ಅವರ ವಾದ. ನಮ್ಮ ಬದಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಕ್ಷಗಾನದ ರಂಗಸ್ಥಳದಲ್ಲಿ ಕೌರವ ಆದವನು ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಜಾಗದಲ್ಲಿ, ಕೂತು ಕವಳ ಹಾಕುತ್ತಾ ಮನೆ ಸಾಲದ ಮಾತಾಡುತ್ತಾನೆ. ಅವನನ್ನು ಯಾರೂ ಸುಳ್ಳುಗಾರ ಅನ್ನುವುದಿಲ್ಲ. ತೊಂದರೆ ಏನೆಂದರೆ, ಫೋನಿನಲ್ಲಿ ಚೌಕಿಯ ಪರದೆ ಯಾವಾಗ ಜಾರುತ್ತದೆ ಅಂತ ಗೊತ್ತಾಗುವುದಿಲ್ಲ. ಗೆಳತಿ ಒಂದು ಸ್ಕ್ರೀನ್‌ಶಾಟ್ ತೆಗೆದರೆ ಮುಗಿಯಿತು.

ಇನ್ನು ಯಾಕೆ ಬಳಸುತ್ತಾರೆ ಅನ್ನುವ ಪ್ರಶ್ನೆ. ಇದೂ ಹಳೆಯದು. 1940ರ ದಶಕದಲ್ಲಿ ಹರ್ಟಾ ಹೆರ್ಜೋಗ್ ಎನ್ನುವವರು ಅಮೆರಿಕದಲ್ಲಿ ಹಗಲು ಹೊತ್ತು ರೇಡಿಯೋ ಧಾರಾವಾಹಿ ಕೇಳುವ ಹೆಂಗಸರನ್ನು ಮಾತಾಡಿಸಿದ್ದರು. ಹೊತ್ತು ಕಳೆಯಲು ಕೇಳುತ್ತಾರೆ ಅಂತ ಎಲ್ಲರೂ ತಿಳಿದಿದ್ದರು. ಅವರು ಹೇಳಿದ್ದು ಬೇರೆ. ಕೆಲವರಿಗೆ ಅತ್ತು ಹಗುರಾಗಲು ಅದು ಬೇಕಿತ್ತು. ಕೆಲವರು ಅದರಿಂದ ಸಂಸಾರ ನಡೆಸುವ ಬುದ್ಧಿ ಕಲಿಯುತ್ತಿದ್ದರು. ಆಮೇಲೆ 1970ರ ದಶಕದಲ್ಲಿ ಕಾಟ್ಜ್, ಬ್ಲುಮ್ಲರ್, ಗುರೆವಿಚ್ ಎನ್ನುವ ಮೂವರು ಪ್ರಶ್ನೆಯನ್ನೇ ತಿರುಗಿಸಿದರು. ಮಾಧ್ಯಮ ಜನರಿಗೆ ಏನು ಮಾಡುತ್ತದೆ ಅಂತ ಕೇಳುವ ಬದಲು, ಜನ ಮಾಧ್ಯಮದಿಂದ ಏನು ಮಾಡಿಕೊಳ್ಳುತ್ತಾರೆ ಅಂತ ಕೇಳಿ ಅಂದರು. ಅಕ್ಕೋರ ಹೂವು, ತೋಟದಮನೆಯವರ ದರ, ಮೀನಿನ ಅಕ್ಕನ ಫೋಟೋ, ಎಲ್ಲಾ ಈ ಪ್ರಶ್ನೆಗೆ ಉತ್ತರಗಳೇ.

ಆದರೆ ಇದರಲ್ಲಿ ಒಂದು ಕೊರತೆ ಇದೆ. ರೇಡಿಯೋ ಕೇಳುವವರನ್ನು ತಿರುಗಿ ನೋಡುತ್ತಿರಲಿಲ್ಲ. ಫೋನ್ ನೋಡುತ್ತದೆ. ಯಾವ ವಿಡಿಯೋದಲ್ಲಿ ಎಷ್ಟು ಹೊತ್ತು ನಿಂತಿರಿ ಅಂತ ಲೆಕ್ಕ ಇಟ್ಟು ಅಂಥದ್ದೇ ಇನ್ನೊಂದು ಕೊಡುತ್ತದೆ. ಹಾಗಾಗಿ ನಮಗೆ ಬೇಕಾಗಿದ್ದರಿಂದ ನೋಡಿದ್ದು ಎಷ್ಟು, ಮುಂದೆ ಬಂತು ಅಂತ ನೋಡಿದ್ದು ಎಷ್ಟು ಅಂತ ಬಿಡಿಸುವುದು ಕಷ್ಟ.

ತೋಟದಮನೆ ಶಿರಸಿ

ಮಾಸ್ತರೇ, ಅದು ಹೌದು. ದರ ನೋಡಲು ಫೋನ್ ತೆಗೆದು, ಯಾರೋ ಪಂಜಾಬಿನಲ್ಲಿ ಟ್ರಾಕ್ಟರ್ ಎಳೆಯುವ ವಿಡಿಯೋದಲ್ಲಿ ಅರ್ಧ ಗಂಟೆ ಹೋಗುತ್ತದೆ. ನನಗೆ ಟ್ರಾಕ್ಟರ್ ಇಲ್ಲ, ನನ್ನ ತೋಟಕ್ಕೆ ಅದು ಇಳಿಯುವುದೂ ಇಲ್ಲ.

ಸದಾಶಿವಗಡ

ಡಂಗುರದವರ ಬಗ್ಗೆ ಯಾರೂ ಬರೆಯಲಿಲ್ಲ. ನಮ್ಮ ಗ್ರೂಪಿನಲ್ಲಿ ಒಬ್ಬರಿದ್ದಾರೆ. ಬೆಳಗಿನಿಂದ ರಾತ್ರಿಯವರೆಗೆ ಸುದ್ದಿ. ಎಲ್ಲೋ ಅಪಘಾತ, ಯಾರೋ ಕಳ್ಳ, ಯಾವುದೋ ಬಾಬಾ. ಅರ್ಧ ಸುಳ್ಳು, ಅರ್ಧ ಹಳೆಯದು. ಎಲ್ಲರೂ ಅವರನ್ನು ಮ್ಯೂಟ್ ಮಾಡಿಕೊಂಡಿದ್ದರು.

2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಲಾರಿ ಒಂದು ನೀರಿಗೆ ಬಿತ್ತು, ಚಾಲಕನನ್ನು ಮೇಲೆತ್ತಿ ಉಳಿಸಿದರು. ನಮ್ಮ ಗ್ರೂಪಿಗೆ ಆ ಹೊತ್ತಿನಲ್ಲಿ ಮೊದಲು ಸುದ್ದಿ ಹಾಕಿದ್ದು ಅದೇ ಮನುಷ್ಯ. ಸೇತುವೆ ದಾಟಿ ಬೆಳಗಿನ ಕೆಲಸಕ್ಕೆ ಹೋಗುವವರು ಎಷ್ಟೋ ಜನ. ಹೊರಡುವ ಮೊದಲೇ ಅವರಿಗೆ ಗೊತ್ತಾಯಿತು. ಅದೇ ಚಟ, ಅದೇ ಅವಸರ. ಆವತ್ತು ಉಪಕಾರಕ್ಕೆ ಬಂತು.

ಅದಕ್ಕೆ ಮೂರು ವಾರ ಮೊದಲು, ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿತ್ತು. ಆಗ ಇವರೇ ಬೇರೆ ಯಾವುದೋ ರಾಜ್ಯದ ಗುಡ್ಡ ಜಾರುವ ವಿಡಿಯೋ ಹಾಕಿ "ಈಗ ಬಂದ ಸುದ್ದಿ" ಅಂತ ಬರೆದಿದ್ದರು. ಆ ಕಡೆ ನೆಂಟರಿರುವವರ ಎದೆ ಒಡೆಯಿತು. ಬೈದರೆ "ನನಗೆ ಬಂದದ್ದು ಕಳಿಸಿದೆ, ಜಾಗ್ರತೆ ಇರಲಿ ಅಂತ" ಅಂದರು. ಅವರು ಕೆಟ್ಟವರಲ್ಲ. ಎಲ್ಲರಿಗಿಂತ ಮೊದಲು ತನಗೆ ಗೊತ್ತು ಅಂತ ಅನಿಸಬೇಕು, ಅಷ್ಟೇ.

ಸಿದ್ದಾಪುರದವ ಬೆಂಗಳೂರು

ಇದರ ಬಗ್ಗೆ ದೊಡ್ಡ ಅಧ್ಯಯನವೇ ಇದೆ. 2018ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಸೈನ್ಸ್ ಪತ್ರಿಕೆಯಲ್ಲಿ ಬರೆದದ್ದು. ಟ್ವಿಟರಿನಲ್ಲಿ 2006ರಿಂದ 2017ರವರೆಗೆ ಹರಿದಾಡಿದ ಸುಮಾರು 1,26,000 ಸುದ್ದಿಗಳನ್ನು ನೋಡಿದರು. ಸುಳ್ಳು ಸುದ್ದಿ ನಿಜಕ್ಕಿಂತ ಬೇಗ, ದೂರ ಹೋಗಿತ್ತು. ಯಂತ್ರವೇ ನಡೆಸುವ ಖಾತೆಗಳನ್ನು ತೆಗೆದು ನೋಡಿದರೂ ಹಾಗೇ ಇತ್ತು, ಹರಡಿದವರು ಮನುಷ್ಯರೇ. ಸುಳ್ಳಿನಲ್ಲಿ ಹೊಸತನ ಜಾಸ್ತಿ, ಅದನ್ನು ಓದಿದವರಿಗೆ ಆಶ್ಚರ್ಯ, ಅಸಹ್ಯ ಜಾಸ್ತಿ ಅಂತ ಅವರು ಕಂಡುಕೊಂಡರು.

ವಾಟ್ಸಾಪ್ 2018ರಲ್ಲಿ ಭಾರತದಲ್ಲಿ ಒಂದು ಸಲಕ್ಕೆ 5 ಕಡೆ ಮಾತ್ರ ಫಾರ್ವರ್ಡ್ ಮಾಡುವ ಹಾಗೆ ಕಡಿವಾಣ ಹಾಕಿತು. 2020ರಲ್ಲಿ, ತುಂಬಾ ಸಲ ಫಾರ್ವರ್ಡ್ ಆದದ್ದನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಬಹುದು ಅಂತ ಮಾಡಿತು. ಎರಡು ಬಾಣದ ಗುರುತು ಬರುತ್ತದಲ್ಲ, ಅದೇ. ನಮ್ಮ ಚಿಕ್ಕಪ್ಪ ಅದಕ್ಕೂ ದಾರಿ ಕಂಡುಕೊಂಡಿದ್ದಾರೆ. ಫೋಟೋ ಇಳಿಸಿಕೊಂಡು ಹೊಸದಾಗಿ ಕಳಿಸುತ್ತಾರೆ.

ಬೈತಖೋಲ್ ಬೋಟ್

ಚಿಕ್ಕಪ್ಪನನ್ನು ನಮ್ಮ ಬೋಟಿಗೆ ಕಳಿಸಿ, ನೆಟ್‌ವರ್ಕ್ ಇಲ್ಲದ ಜಾಗ ತೋರಿಸುತ್ತೇವೆ.

ಭಟ್ಕಳ ಬಸ್‌ಸ್ಟ್ಯಾಂಡ್

ಜಗಳಗಂಟರ ಬಗ್ಗೆ ಯಾರೂ ಬರೆದಿಲ್ಲವಲ್ಲ, ಆಶ್ಚರ್ಯ. ಫೇಸ್‌ಬುಕ್ಕಿನಲ್ಲಿ ಯಾವ ಪೋಸ್ಟ್ ಇರಲಿ, ಕೆಳಗೆ ಬಂದು ಬೈಯುವವರು. ಹವಾಮಾನದ ಸುದ್ದಿಗೂ ಜಾತಿ, ಪಕ್ಷ ತರುವವರು.

ಹೆಸರು ಮರೆಸಿಕೊಂಡದ್ದರಿಂದ ಧೈರ್ಯ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಕಡೆ ಅದು ಅರ್ಧ ಸುಳ್ಳು. ಸ್ವಂತ ಹೆಸರು, ಸ್ವಂತ ಫೋಟೋ, ಹಿಂದೆ ಮುರುಡೇಶ್ವರದ ಶಿವ. ಹಾಗೆ ಹಾಕಿಕೊಂಡೇ ಬೈಯುತ್ತಾರೆ. ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ "ಹೇಗಿದ್ದೀರಿ, ಚಾ ಕುಡಿಯೋಣ ಬನ್ನಿ" ಅಂತ ಎಷ್ಟು ಮರ್ಯಾದೆ! ನನಗೆ ಇದು ಬಗೆಹರಿಯುವುದಿಲ್ಲ.

ಹೊನ್ನಾವರ ಮಾಸ್ತರು

ಜಾನ್ ಸುಲರ್ ಎನ್ನುವ ಮನಶ್ಶಾಸ್ತ್ರಜ್ಞ 2004ರಲ್ಲಿ ಇದಕ್ಕೆ ಹಲವು ಕಾರಣ ಕೊಟ್ಟಿದ್ದಾರೆ. ಹೆಸರು ಮರೆಯಾಗುವುದು ಅದರಲ್ಲಿ ಒಂದು ಮಾತ್ರ. ಎದುರಿಗಿರುವವರ ಮುಖ ಕಾಣುವುದಿಲ್ಲ, ಅವರ ಕಣ್ಣಿನಲ್ಲಿ ಆಗುವ ಬದಲಾವಣೆ ಕಾಣುವುದಿಲ್ಲ. ಉತ್ತರ ಆ ಕ್ಷಣಕ್ಕೇ ಎದುರಿಸಬೇಕಾಗಿಲ್ಲ, ಬರೆದು ಫೋನ್ ಕಿಸೆಗೆ ಹಾಕಿಕೊಂಡರೆ ಆಯಿತು. ನಿಮ್ಮ ಬಸ್‌ಸ್ಟ್ಯಾಂಡಿನ ಗೆಳೆಯರಿಗೆ ಇವೆರಡೇ ಸಾಕು. ಎದುರು ಸಿಕ್ಕಾಗ ಮುಖ ಕಾಣುತ್ತದೆ, ಚಾ ಕುಡಿಸುತ್ತಾರೆ.

ನನ್ನ ಅನುಮಾನ ಇನ್ನೊಂದಿದೆ. ಅವರು ಬೈಯುವುದು ನಿಮಗಲ್ಲ. ತಮ್ಮ ಕಡೆಯವರು ನೋಡುತ್ತಿರುತ್ತಾರೆ, ಅವರಿಗೆ ತೋರಿಸಲು ಬೈಯುತ್ತಾರೆ. ಕೆಳಗೆ ಬೀಳುವ ಲೈಕುಗಳನ್ನು ನೋಡಿ, ಯಾರದು ಅಂತ.

ಎರಡು ಖಾತೆಯವಳು

ಒಳ್ಳೆಯದಕ್ಕೆ ಬಳಸಿದ್ದೂ ಇದೆ, ಬಿಟ್ಟುಬಿಡಬೇಡಿ. 2019ರಲ್ಲಿ ಉತ್ತರ ಕನ್ನಡಕ್ಕೆ ತುರ್ತು ಚಿಕಿತ್ಸೆಯ ದೊಡ್ಡ ಆಸ್ಪತ್ರೆ ಬೇಕು ಅಂತ ಟ್ವಿಟರಿನಲ್ಲಿ ಅಭಿಯಾನ ನಡೆಯಿತಲ್ಲ, ಆಗ ನಮ್ಮ ಹಾಸ್ಟೆಲಿನಲ್ಲಿ ಟ್ವಿಟರ್ ಅಂದರೆ ಏನು ಅಂತ ಗೊತ್ತಿಲ್ಲದವರೂ ಖಾತೆ ತೆರೆದರು. ಅಪಘಾತವಾದರೆ ಮಂಗಳೂರು, ಮಣಿಪಾಲ, ಹುಬ್ಬಳ್ಳಿ ಅಥವಾ ಗೋವಾಕ್ಕೆ ಓಡಬೇಕು. ಪ್ರತಿ ಮನೆಯಲ್ಲೂ ದಾರಿಯಲ್ಲೇ ಕಳೆದುಕೊಂಡವರ ಕಥೆ ಇದೆ. 2022ರಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲಿನಲ್ಲಿ ಅಪಘಾತವಾದ ಮೇಲೆ ಮತ್ತೆ ಅದೇ ಕೂಗು ಎದ್ದಿತು.

ಆಗ ಬರೆದವರು ಯಾವ ಬಗೆ? ನಮ್ಮ ಅಪ್ಪ ಆ ಖಾತೆಯಿಂದ ಬರೆದದ್ದು ಆಸ್ಪತ್ರೆ ಬೇಕು ಅಂತ ಮಾತ್ರ. ಆಮೇಲೆ ಪಾಸ್‌ವರ್ಡ್ ಮರೆತುಹೋಯಿತು. ಟ್ವಿಟರ್ ಎಕ್ಸ್ ಆದದ್ದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಸದಾಶಿವಗಡ

ಅಂಥವರೇ ನಿಜವಾದ ಬಲ. ದಿನಾ ಕೂಗುವವರ ಮಾತಿಗೆ ಬೆಲೆ ಇಲ್ಲ, ಸುಮ್ಮನಿರುವವರು ಒಂದು ದಿನ ಎದ್ದರೆ ಕೇಳಿಸುತ್ತದೆ.

ಭಟ್ಕಳ ಬಸ್‌ಸ್ಟ್ಯಾಂಡ್

ಕೇಳಿಸಿದ ಮೇಲೆ ಆಸ್ಪತ್ರೆ ಬಂತಾ? ಭರವಸೆ ಬಂತು. ಟ್ವೀಟ್ ಮಾಡಿದವರಿಗೆ "ನಾನೂ ಏನೋ ಮಾಡಿದೆ" ಅಂತ ಸಮಾಧಾನ ಆಯಿತು. ಆ ಸಮಾಧಾನದ ಆಸೆಗೇ ಬರೆಯುತ್ತಾರೆ ಅಂತ ನನಗನಿಸುತ್ತದೆ. ಕಹಿ ಮಾತಾಯಿತು, ಇರಲಿ.

ಎರಡು ಖಾತೆಯವಳು

ಅಣ್ಣಾ, ಬರೆಯದೆ ಇದ್ದಿದ್ದರೆ ಭರವಸೆಯೂ ಬರುತ್ತಿರಲಿಲ್ಲ.

ಜೋಯಿಡಾ ಗುಡ್ಡ

ಇನ್ನೊಂದು ಬಗೆ ಉಳಿಯಿತು. ಅಡ್ಮಿನ್. ನಮ್ಮ ಊರಿಗೆ ಮೊದಲು ಒಂದು ಗ್ರೂಪ್ ಇತ್ತು. ಅಡ್ಮಿನ್ ಒಬ್ಬರನ್ನು ತೆಗೆದು ಹಾಕಿದರು. ಅವರು ಇನ್ನೊಂದು ಮಾಡಿದರು. ಮೂರನೆಯವರು ಜಗಳ ಬಿಡಿಸಲು ಮೂರನೆಯದು ಮಾಡಿದರು. ಈಗ ಮೂರರಲ್ಲೂ ಅವೇ ಜನ, ಅದೇ ಮೆಸೇಜು ಮೂರು ಸಲ. ಗ್ರಾಮ ಪಂಚಾಯ್ತಿಗೆ ನಿಂತು ಸೋತವರಿಗೂ ಅಧ್ಯಕ್ಷಗಿರಿ ಸಿಗುವ ಜಾಗ ಇದೊಂದೇ. "ಅಡ್ಮಿನ್ ಮಾತ್ರ ಬರೆಯಬಹುದು" ಅಂತ ಮಾಡುವ ಸೌಲಭ್ಯ ಬಂದ ಮೇಲಂತೂ ಕೇಳಲೇಬೇಡಿ.

ತೋಟದಮನೆ ಶಿರಸಿ

ದರದ ಗ್ರೂಪಿಗೆ ಆ ಸೌಲಭ್ಯ ಇಲ್ಲದಿದ್ದರೆ ಆಗುವುದಿಲ್ಲ ಮಾರಾಯ್ರೆ. ರಾಶಿ ದರ ಹುಡುಕಲು ನೂರು ಕೈಮುಗಿದ ಗುರುತು ದಾಟಬೇಕಿತ್ತು.

ಅಂಕೋಲೆ ಅಕ್ಕೋರು

ಇಷ್ಟೆಲ್ಲಾ ಓದಿದ ಮೇಲೆ ನನಗೆ ಆ ನಾಲ್ಕು ಬಗೆ ಒಪ್ಪಿಗೆಯಾಗುತ್ತಿಲ್ಲ. ನಾನು ಅಕ್ಕೋರುಗಳ ಗ್ರೂಪಿನಲ್ಲಿ ಬಾಯಿ ಮುಚ್ಚುವುದಿಲ್ಲ. ಮನೆತನದ ಗ್ರೂಪಿನಲ್ಲಿ ಒಂದು ಅಕ್ಷರ ಬರೆಯುವುದಿಲ್ಲ, ಅಲ್ಲಿ ಮಾವನ ಕಡೆಯವರಿದ್ದಾರೆ. ಕರಿ ಇಶಾಡು ಮಾವಿನ ಹಣ್ಣಿಗೆ 2023ರಲ್ಲಿ ಜಿಐ, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರಿ ಮಾನ್ಯತೆ, ಬಂದಾಗ ನಾನೇ ಡಂಗುರ ಸಾರಿದ್ದೇನೆ, ಕಂಡಕಂಡವರಿಗೆಲ್ಲಾ ಕಳಿಸಿದ್ದೇನೆ. ಮೊಮ್ಮಗಳ ಜೊತೆ ಫೋಟೋ ತೆಗೆದರೆ ಎಷ್ಟು ಜನ ನೋಡಿದರು ಅಂತ ನಾಲ್ಕು ಸಲ ತೆರೆದು ನೋಡುತ್ತೇನೆ. ಹಾಗಾದರೆ ನಾನು ನಾಲ್ಕೂ ಆದೆ. ಬಗೆ ಇರುವುದು ನನಗಲ್ಲ, ಆ ಗ್ರೂಪಿಗೆ.

ಹೊನ್ನಾವರ ಮಾಸ್ತರು

ಅಕ್ಕೋರೇ, ಮುಕ್ಕಾಲು ಒಪ್ಪುತ್ತೇನೆ. ಆದರೆ ಎಲ್ಲಾ ಗ್ರೂಪಿನಲ್ಲೂ ಜಗಳವೇ ಆಡುವವರನ್ನು ನಾನು ನೋಡಿದ್ದೇನೆ. ದೇವಸ್ಥಾನದ ಗ್ರೂಪು, ಹತ್ತನೇ ತರಗತಿ ಗೆಳೆಯರ ಗ್ರೂಪು, ಗ್ಯಾಸ್ ಬುಕಿಂಗ್ ಗ್ರೂಪು, ಎಲ್ಲಿದ್ದರೂ ಅವರು ಅವರೇ. 2014ರಲ್ಲಿ ಕೆನಡಾದ ಮೂವರು ಸಂಶೋಧಕರು ಇಂಥವರ ಬಗ್ಗೆ ಬರೆದರು. ಬೇಕೆಂದೇ ಕೆಣಕುವವರಲ್ಲಿ ಬೇರೆಯವರ ನೋವಿನಿಂದ ಖುಷಿಪಡುವ ಸ್ವಭಾವ ಜಾಸ್ತಿ ಕಂಡಿತು ಅಂತ. ಅಂಥವರಿಗೆ ಗ್ರೂಪ್ ಬದಲಾದರೆ ಏನೂ ಆಗುವುದಿಲ್ಲ.

ಕುಮಟಾ ಮೊಬೈಲಂಗಡಿ

ಅಂಗಡಿ ಮುಚ್ಚಿ ಈಗ ಓದಿದೆ. ಅಕ್ಕೋರ ಮಾತು ನನ್ನ ಅನುಭವಕ್ಕೂ ಹೊಂದುತ್ತದೆ. "ನೀಲಿ ಟಿಕ್ ತೆಗೀರಿ" ಅಂತ ಬರುವವರನ್ನು ಯಾರಿಗೋಸ್ಕರ ಅಂತ ಕೇಳಿದರೆ ಯಾವಾಗಲೂ ಒಬ್ಬರ ಹೆಸರೇ ಇರುತ್ತದೆ. ಸಾಲ ಕೊಟ್ಟವರು, ಅತ್ತೆ, ಮೇಲಧಿಕಾರಿ. ಉಳಿದ ಮುನ್ನೂರು ಜನಕ್ಕೆ ಟಿಕ್ ಕಂಡರೂ ಅವರಿಗೆ ಚಿಂತೆ ಇಲ್ಲ. ಒಂದು ವಿಷಯ ಮಾತ್ರ ಹೇಳಿಬಿಡುತ್ತೇನೆ, ಟಿಕ್ ತೆಗೆಸಿದರೆ ಅವರು ಓದಿದ್ದೂ ನಿಮಗೆ ಕಾಣುವುದಿಲ್ಲ. ಇದನ್ನು ಕೇಳಿ ಅರ್ಧ ಜನ ಹಾಗೇ ವಾಪಸ್ ಹೋಗುತ್ತಾರೆ.

ಮಾಸ್ತರು ಹೇಳಿದ ಜಗಳದವರೂ ಅಂಗಡಿಗೆ ಬರುತ್ತಾರೆ. ಅವರ ದೂರು ಒಂದೇ, "ನನ್ನ ಖಾತೆ ಬ್ಲಾಕ್ ಆಗಿದೆ".

ಜೋಯಿಡಾ ಗುಡ್ಡ

ಅಣ್ಣಾ, ಮೂರು ಊರ ಗ್ರೂಪಿನಲ್ಲಿ ಎರಡು ಬಿಡಬೇಕು. ಬಿಟ್ಟರೆ "ಇಂಥವರು ಹೊರಗೆ ಹೋದರು" ಅಂತ ಎಲ್ಲರಿಗೂ ಕಾಣುತ್ತದೆ, ಮಾತು ಬರುತ್ತದೆ. ಏನು ಮಾಡಲಿ?

ಕುಮಟಾ ಮೊಬೈಲಂಗಡಿ

2022ರಿಂದ ಎಲ್ಲರಿಗೂ ಸೂಚನೆ ಹೋಗುವುದಿಲ್ಲ, ಅಡ್ಮಿನ್‌ಗೆ ಮಾತ್ರ ಹೋಗುತ್ತದೆ. ನಿಮ್ಮ ಅಡ್ಮಿನ್ ಎಂಥವರು ಅಂತ ನೀವೇ ಹೇಳಿದ್ದೀರಲ್ಲ, ಹಾಗಾಗಿ ಬಿಡಬೇಡಿ. ಗ್ರೂಪಿನ ಮೇಲೆ ಉದ್ದಕ್ಕೆ ಒತ್ತಿ ಹಿಡಿದು ಆರ್ಕೈವ್ ಮಾಡಿ, ಹೊಸ ಮೆಸೇಜ್ ಬಂದರೂ ಮೇಲೆ ಬರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಫೋಟೋ, ವಿಡಿಯೋ ತಾನಾಗಿ ಇಳಿಯುವುದನ್ನೂ ನಿಲ್ಲಿಸಿ, ಗುಡ್ಡ ಹತ್ತಿದಾಗ ಬೇಕಾದ ಮೆಸೇಜು ಬೇಗ ಬರುತ್ತದೆ.

ಜೋಯಿಡಾ ಗುಡ್ಡ

ಆಯಿತು. ಶನಿವಾರ ಪೇಟೆಗೆ ಇಳಿಯುತ್ತೇನೆ, ಅಮ್ಮನ ಫೋನಿನ ಮೈಕು ಕೆಟ್ಟಿದೆ, ಅವಳಿಗೆ ಅದೊಂದೇ ಗೊತ್ತಿರುವುದು. ಅದಕ್ಕೆ ಎಷ್ಟಾಗುತ್ತದೆ?